ಕ್ಷೌರದಂಗಡಿಯ ಬೆಳಕಿಗೊಂದು ಕಣ್ಣು

ಬೆಳಿಗ್ಗೆ ಆರೂಕಾಲು. ಔಷಧಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ಕಿಟಕಿಯಿಲ್ಲದ ಕೋಣೆ. ಗೋಡೆ ಬೂದಿ ಬಣ್ಣ, ಮೇಜು ಬೂದಿ ಬಣ್ಣ, ಮೇಜಿನ ಮುಂದೆ ಕೂತ ಹೆಂಗಸಿನ ಮೇಲಂಗಿಯೂ ಬೂದಿ ಬಣ್ಣ. ಅವಳ ಎದುರು ಉಗುರಿನಗಲದ ಏಳು ಚಿತ್ರಗಳಿವೆ. ಏಳೂ ಒಬ್ಬನೇ ಮನುಷ್ಯನ ಕಣ್ಣಿನವು, ಬಿಳಿಯ ನಡುವೆ ಇರುತ್ತದಲ್ಲ, ಆ ಬಣ್ಣದ ಬಿಲ್ಲೆ. ನಿನ್ನೆ ಸಂಜೆ ಮುದ್ರಿಸಿದ್ದು. ಶಾಯಿ ಒಣಗುತ್ತಾ ಬಣ್ಣ ಬದಲಾಗುವುದರಿಂದ ತೀರ್ಮಾನ ಮಾಡುವುದು ಮಾರನೇ ಬೆಳಿಗ್ಗೆಯೇ.

ಎಣಿಸಿದ ಹಾಗೆ ಹತ್ತು ಸೆಕೆಂಡು ಒಂದು ಚಿತ್ರ ನೋಡುತ್ತಾಳೆ. ಆಮೇಲೆ ಖಾಲಿ ಗೋಡೆ ನೋಡುತ್ತಾಳೆ. ಮತ್ತೆ ಚಿತ್ರ. "ಜಾಸ್ತಿ ಹೊತ್ತು ನೋಡಿದ್ರೆ ಕಣ್ಣು ರಾಜಿ ಆಗಿಬಿಡುತ್ತೆ," ಎನ್ನುತ್ತಾಳೆ. "ಹೋಗ್ಲಿ ಬಿಡು, ಇಷ್ಟು ಸಾಕು ಅನ್ನುತ್ತೆ. ಅದರ ಮಾತು ಕೇಳಬಾರದು."

ಜೊತೆಯವರು ಇವಳನ್ನು ಬೂದಿಯಕ್ಕ ಎಂದು ಕರೆಯುತ್ತಾರೆ. ವಯಸ್ಸು ನಲವತ್ತೇಳು. ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವ ಈ ಸಣ್ಣ ಕಾರ್ಖಾನೆಯಲ್ಲಿ ಬಣ್ಣ ಇವಳ ಪಾಲಿನ ಕೆಲಸ; ಬೇರೆ ಬಣ್ಣ ನೋಟ ಕೆಡಿಸಬಾರದೆಂದೇ ಸುತ್ತ ಎಲ್ಲ ಬೂದಿ. ಉಳಿದಿರುವ ಒಳ್ಳೆಯ ಕಣ್ಣಿನ ಫೋಟೋ ತೆಗೆದು, ಅದರ ಬಣ್ಣವನ್ನು ಎಳ್ಳಷ್ಟೂ ಕೆಡದಂತೆ ಕಾಗದಕ್ಕೆ ಇಳಿಸಿಕೊಡಬೇಕು. ಅದನ್ನು ಪ್ಲಾಸ್ಟಿಕ್ಕಿನೊಳಗೆ ಅಡಗಿಸಿ, ಅಚ್ಚು ಹೊಯ್ದು, ಉಜ್ಜಿ ಹೊಳಪು ಕೊಡುವುದು ಯಜಮಾನರು. ಮೊದಲು ಬಣ್ಣವನ್ನೂ ಅವರೇ ಕುಂಚ ಹಿಡಿದು ಬರೆಯುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ಫೋಟೋ ಸ್ಟುಡಿಯೋದಲ್ಲಿದ್ದ ಇವಳನ್ನು ಕರೆತಂದರು. ಹನ್ನೊಂದು ವರ್ಷವಾಯಿತು. ದಿನಕ್ಕೆ ಒಂದೋ ಎರಡೋ ಕಣ್ಣು, ಒಂದೊಂದಕ್ಕೂ ನಲವತ್ತು ಫೋಟೋ. ಮೂರು ಸಾವಿರ ಜನ ಇವಳು ಕೊಟ್ಟ ಬಣ್ಣವನ್ನು ಮುಖದಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಕಣ್ಣು ಇಟ್ಟುಕೊಡುವ ಡಬ್ಬಿಯ ಮೇಲೆ ಆಸ್ಪತ್ರೆಯ ಹೆಸರಿರುತ್ತದೆ, ವೈದ್ಯರ ಹೆಸರಿರುತ್ತದೆ. ಬಣ್ಣ ಕೊಟ್ಟವಳ ಹೆಸರು ಹಾಕಲು ಜಾಗ ಸಾಲದಂತೆ. ಗೇಣುದ್ದದ ಜಾಹೀರಾತಿಗೆ ಮಾತ್ರ ಜಾಗವಿದೆ.

ಫೋನಿನ ಗುಂಡಿ ಒತ್ತಿ ಮುಖಕ್ಕೆ ಸುಣ್ಣ ಬಳಿದುಕೊಳ್ಳುವ ಕಾಲವಿದು. ಫೋಟೋ ಚೆನ್ನಾಗಿದ್ದರೆ ಸಾಕು, ನಿಜ ಯಾರಿಗೆ ಬೇಕು? ಬೂದಿಯಕ್ಕನಿಗೆ ಬೇಕು. ಅದಕ್ಕೇ ಅವಳು ಕ್ಯಾಮೆರಾದಿಂದ ಕಚ್ಚಾ ಕಡತವನ್ನೇ ತೆಗೆದುಕೊಳ್ಳುತ್ತಾಳೆ. ಅದರಲ್ಲಿ ಬಿದ್ದ ಬೆಳಕಿನ ಲೆಕ್ಕವಿರುತ್ತದೆಯೇ ಹೊರತು ಬಣ್ಣ ಇನ್ನೂ ತೀರ್ಮಾನವಾಗಿರುವುದಿಲ್ಲ. ಕಲಸಿದ ಮಣ್ಣು, ಮಡಕೆಯಲ್ಲ. ಮಡಕೆ ಮಾಡುವುದು ಪ್ರೊಫೈಲ್ ಎಂಬ ಪುಟ್ಟ ಕಡತದ ನೆರವಿನಿಂದ.

ಹಾಗೆಂದರೇನು ಎಂದು ನಾವು ಕೇಳಿದರೆ ನಗುತ್ತಾಳೆ. "ಚಾಡಿ ಚೀಟಿ. ಈ ಕ್ಯಾಮೆರಾ ಕೆಂಪನ್ನ ಇಷ್ಟು ಜಾಸ್ತಿ ಹೇಳುತ್ತೆ, ಈ ಪರದೆ ನೀಲಿನ ಇಷ್ಟು ಉಬ್ಬಿಸುತ್ತೆ, ಈ ಪ್ರಿಂಟರ್ ಹಸಿರನ್ನ ಇಷ್ಟು ನುಂಗುತ್ತೆ ಅಂತ ಒಂದೊಂದರ ಮೇಲೂ ಚಾಡಿ ಬರೆದಿಟ್ಟಿರೋದು. ಸುಳ್ಳು ಹೇಳದ ಯಂತ್ರ ಇಲ್ಲ ಸ್ವಾಮಿ. ಎಷ್ಟು ಸುಳ್ಳು ಅಂತ ಗೊತ್ತಿದ್ರೆ ಆಯ್ತು, ಅಷ್ಟನ್ನ ಕಳೆದುಬಿಡಬಹುದು."

ಆ ಚೀಟಿ ಬರೆಯುವುದು ಬೆಣ್ಣೆಯಲ್ಲಿ ಕೂದಲು ತೆಗೆಯುವಂಥ ಕೆಲಸವೇನಲ್ಲ. ಒಂಬೈನೂರು ಬಣ್ಣದ ಚೌಕಗಳನ್ನು ಮುದ್ರಿಸಿ, ಒಂದೊಂದನ್ನೂ ಅಳೆಯುವ ಉಪಕರಣದಿಂದ ಮುಟ್ಟಿ ಮುಟ್ಟಿ ಓದಿಸಬೇಕು. ಚಿತ್ರ ಪ್ಲಾಸ್ಟಿಕ್ಕಿನೊಳಗೆ ಹೋದರೆ ಬಣ್ಣ ಗಾಢವಾಗುತ್ತದೆ. ಅದಕ್ಕಾಗಿ ಇವಳು ಒಂಬೈನೂರು ಚೌಕಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಅಡಗಿಸಿ, ಅದರ ಮೇಲಿನಿಂದಲೇ ಅಳೆಯುತ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಮೊದಲ ವರ್ಷ ಕಾಗದದ ಮೇಲೆ ಹೊಂದಿದ್ದ ಕಣ್ಣುಗಳು ಪ್ಲಾಸ್ಟಿಕ್ಕಿನೊಳಗೆ ಹೋದ ಮೇಲೆ ಕಪ್ಪಾಗಿ, ಬೈಸಿಕೊಂಡು ಕಲಿತದ್ದು.

ಈ ಬೆಳಿಗ್ಗೆ ಮೇಜಿನ ಮೇಲಿರುವ ಏಳು ಚಿತ್ರಗಳು ಒಬ್ಬ ಕ್ಷೌರಿಕನವು. ಕತ್ತರಿಗೆ ಸಾಣೆ ಹಿಡಿಯುವಾಗ ಉಕ್ಕಿನ ಚೂರು ಸಿಡಿದು ಅವನ ಎಡಗಣ್ಣು ಹೋಯಿತು. ನಾಲ್ಕು ತಿಂಗಳು ಮನೆಯವರ ತಲೆಗಳ ಮೇಲೆ ಅಭ್ಯಾಸ ಮಾಡಿ, ಒಂಟಿಗಣ್ಣಿನಲ್ಲಿ ಕತ್ತರಿ ಆಡಿಸುವುದನ್ನು ಹೊಸದಾಗಿ ಕಲಿತ. ಕೈ ಸರಿಹೋಯಿತು, ಗಿರಾಕಿ ಸರಿಹೋಗಲಿಲ್ಲ. ಕ್ಷೌರಕ್ಕೆ ಕೂತವನಿಗೆ ಅರ್ಧ ಗಂಟೆ ಕನ್ನಡಿ ಬಿಟ್ಟರೆ ಬೇರೆ ನೋಟವಿಲ್ಲ, ಕನ್ನಡಿಯಲ್ಲಿ ಕ್ಷೌರಿಕನ ಮುಖ. ಬೂದಿಯಕ್ಕ ಅವನಿಗೆ ಮಾಡಿದ ಮೊದಲ ಕಣ್ಣು ಇಲ್ಲಿ ಕಾರ್ಖಾನೆಯ ದೀಪದ ಕೆಳಗೆ ಅಚ್ಚುಕಟ್ಟಾಗಿ ಹೊಂದಿತ್ತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅದೇ ಕಣ್ಣು ಕೆಂಪು ಹೊಡೆಯಿತು. ಒಬ್ಬ ಗಿರಾಕಿ ಅರ್ಧ ಕ್ಷೌರದಲ್ಲಿ ಎದ್ದು ಪಕ್ಕದ ಕುರ್ಚಿಗೆ ಹೋದ.

ಬಟ್ಟೆ ಅಂಗಡಿಯೊಳಗೆ ಹೊಂದಿದ ದಾರ ಬೀದಿಗೆ ಬಂದರೆ ಹೊಂದದಿರುವುದು ದರ್ಜಿಗಳಿಗೆ ಗೊತ್ತು. ಇದೂ ಅದೇ. ಇವಳ ಚೀಟಿಗಳೆಲ್ಲ ಹಗಲು ಬೆಳಕಿನ ಲೆಕ್ಕದಲ್ಲಿ ಬರೆದಿದ್ದವು, ಕ್ಷೌರಿಕನ ಹಗಲೆಲ್ಲ ಅಗ್ಗದ ಟ್ಯೂಬ್‌ಲೈಟಿನಲ್ಲಿ ಕಳೆಯುತ್ತದೆ. ಅದು ತಿಳಿಯದೆ ಎರಡನೇ ಸಲ ಆತುರ ಮಾಡಿದಳು. ಪ್ರೊಫೈಲನ್ನು ಹಾಗೇ ಬಿಟ್ಟು, ಚಿತ್ರದಲ್ಲೇ ಕೈಯಿಂದ ಕೆಂಪು ತಗ್ಗಿಸಿದಳು. ಆ ಕಣ್ಣು ಅಂಗಡಿಯಲ್ಲೂ ಹೊಂದಲಿಲ್ಲ, ಬೀದಿಯಲ್ಲೂ ಹೊಂದಲಿಲ್ಲ.

"ಚೀಟಿ ತಿದ್ದಬೇಕಿತ್ತು, ನಾನು ಚಿತ್ರ ತಿದ್ದಿದೆ," ಎನ್ನುತ್ತಾಳೆ. "ಹೊಸಬರು ಮಾಡೋ ತಪ್ಪು. ಹನ್ನೊಂದು ವರ್ಷ ಆದ್ಮೇಲೆ ನಾನು ಮಾಡಿದೆ."

ತಪ್ಪಿನ ಬೆಲೆ ತೆತ್ತವನು ಬೇರೆಯವನು. ಅಂಗಡಿ ನಡೆಸುವ ಅವನ ಅಣ್ಣ, ತಮ್ಮನನ್ನು ಕುರ್ಚಿಯಿಂದ ಎಬ್ಬಿಸಿ ತಲೆ ತೊಳೆಯಲು, ಕೂದಲು ಗುಡಿಸಲು ಹಚ್ಚಿದ್ದಾನೆ. ಮೂರನೇ ಕಣ್ಣೂ ಹೀಗೇ ಆದರೆ ಮುಂದಿನ ತಿಂಗಳಿಂದ ಆ ಕುರ್ಚಿ ಇನ್ನೊಬ್ಬ ಕೆಲಸಗಾರನಿಗೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಾನೆ. ಇಪ್ಪತ್ತು ವರ್ಷ ತಾನೇ ನಿಂತು ಕೆಲಸ ಮಾಡಿದ ಕುರ್ಚಿಯ ಸುತ್ತ ಕಸ ಗುಡಿಸುವುದೆಂದರೆ ಏನೆಂದು ಅಣ್ಣನಿಗೆ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಗಿರಾಕಿ ಎದ್ದು ಹೋಗುವುದೂ ತಿಳಿಯುತ್ತದೆ.

ಹೋದ ವಾರ ಬೂದಿಯಕ್ಕ ಕ್ಯಾಮೆರಾ, ಅಳತೆಯ ಉಪಕರಣ, ಬಣ್ಣದ ಚೌಕಗಳ ಹಲಗೆ ಹೊತ್ತು ಬಾಗಿಲು ತೆಗೆಯುವ ಮೊದಲೇ ಕ್ಷೌರದಂಗಡಿಯ ಮುಂದೆ ನಿಂತಿದ್ದಳಂತೆ. ಕಟಿಂಗ್ ಮಾಡಿಸ್ಕೋತೀಯೇನಮ್ಮಾ ಎಂದು ಅಣ್ಣ ಕಿಚಾಯಿಸಿದ. ನಿಮ್ಮ ಟ್ಯೂಬ್‌ಲೈಟಿಗೆ ಮಾಡ್ಬೇಕು ಎಂದು ಇವಳು ಒಳಗೆ ಹೋದಳು. ಬೆಳಕನ್ನು ಅಳೆದಳು. ತಮ್ಮನನ್ನು ಅವನದೇ ಕುರ್ಚಿಯಲ್ಲಿ ಕೂರಿಸಿ, ಕೆನ್ನೆಯ ಪಕ್ಕ ಹಲಗೆ ಹಿಡಿಸಿ, ಬಲಗಣ್ಣಿನ ಫೋಟೋ ತೆಗೆದಳು. ಹೊರಡುವಾಗ ಒಂದು ಟ್ಯೂಬ್‌ಲೈಟನ್ನೇ ಬಿಚ್ಚಿಸಿಕೊಂಡು ಬಂದಳು. ಈಗ ಅದು ಇವಳ ಮೇಜಿನ ಮೇಲೆ ಉರಿಯುತ್ತಿದೆ. ಆ ಬೆಳಕಿಗೆಂದೇ ಒಂಬೈನೂರು ಚೌಕಗಳ ಲೆಕ್ಕ ಮತ್ತೆ ಹಾಕಿ ಹೊಸ ಪ್ರೊಫೈಲ್ ಮಾಡಿದ್ದಾಳೆ.

ಮನೆಯಲ್ಲೂ ಇದೇ ಗೋಳು ಎಂದು ಗಂಡ ಹೇಳುತ್ತಾನೆ. ಅವನು ಸರಕು ಗಾಡಿ ಓಡಿಸುತ್ತಾನೆ. ಎರಡು ಕಪ್ಪು ಕಾಲುಚೀಲ ಹಾಕಿಕೊಂಡು ಹೊರಟರೆ ಬಾಗಿಲಲ್ಲೇ ನಿಲ್ಲಿಸಿ, ಒಂದು ನೀಲಿ ಕಡೆಗಿದೆ, ಬದಲಾಯಿಸು ಎನ್ನುತ್ತಾಳಂತೆ. "ಗಾಡಿ ಓಡಿಸೋನ ಕಾಲು ಯಾರು ನೋಡ್ತಾರೆ ಮಾರಾಯ್ತಿ ಅಂತ ಕೇಳ್ದೆ. ನಾನು ನೋಡ್ದೆನಲ್ಲ ಅಂದ್ಳು."

ಏಳರಲ್ಲಿ ಐದನೇ ಚಿತ್ರವನ್ನು ಬೂದಿಯಕ್ಕ ಆರಿಸುತ್ತಾಳೆ. ಕಂದು ಬಿಲ್ಲೆ, ನಡುವಿನ ಕಪ್ಪಿನ ಸುತ್ತ ತೆಳ್ಳನೆಯ ಜೇನು ಬಣ್ಣದ ಉಂಗುರ. ಯಜಮಾನರು ಕನ್ನಡಕ ಏರಿಸಿ ನೋಡಿ, ಇದೇ ಕೊನೆ ತಾನೇ ಎಂದು ಕೇಳುತ್ತಾರೆ. ಇವಳು ಉಳಿದ ಆರು ಚಿತ್ರಗಳನ್ನು ಲಕೋಟೆಗೆ ಹಾಕುತ್ತಾಳೆ.

ಮೂರು ದಿನ ಕಳೆದು, ಬೆಳಿಗ್ಗೆ ಒಂಬತ್ತಕ್ಕೆ, ನಾವು ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತಿದ್ದೇವೆ. ಹೊಸ ಕಣ್ಣು ನಿನ್ನೆ ಸಂಜೆ ಕೂರಿಸಿದ್ದು. ತಮ್ಮ ಇವತ್ತು ತನ್ನ ಕುರ್ಚಿಯ ಹಿಂದೆ ನಿಂತಿದ್ದಾನೆ. ಅಣ್ಣ ಪಕ್ಕದ ಕುರ್ಚಿಯಲ್ಲಿ ಯಾರದೋ ಗಡ್ಡ ಹೆರೆಯುತ್ತಾ ಓರೆಗಣ್ಣಿನಲ್ಲಿ ಇತ್ತಲೇ ನೋಡುತ್ತಾನೆ. ಬೂದಿಯಕ್ಕ ಹಳೆಯ ವಾರಪತ್ರಿಕೆ ಹಿಡಿದಿದ್ದಾಳೆ, ಪುಟ ಮಗುಚುತ್ತಿಲ್ಲ.

ದಪ್ಪ ಮೀಸೆಯ ಒಬ್ಬ ಗಿರಾಕಿ ಬಂದು ಕೂರುತ್ತಾನೆ. ಬಟ್ಟೆ ಹೊದಿಸಿದ್ದಾಯಿತು, ನೀರು ಚಿಮುಕಿಸಿದ್ದಾಯಿತು. ಗಿರಾಕಿ ಕನ್ನಡಿ ನೋಡುತ್ತಾನೆ, ಕ್ಷೌರಿಕನ ಮುಖ ನೋಡುತ್ತಾನೆ, ಮಳಿಗೆ ಬಾಡಿಗೆ ಏರಿಸಿದವನನ್ನು ಬೈಯಲು ಶುರು ಮಾಡುತ್ತಾನೆ. ಕತ್ತರಿ ಆಡುತ್ತದೆ. ಹದಿನೈದು ನಿಮಿಷ ಬಾಡಿಗೆಯದೇ ಮಾತು. ಕೊನೆಗೆ ಗಿರಾಕಿ ಮುಖ ಗಂಟು ಹಾಕಿ ಕನ್ನಡಿಯತ್ತ ಬಾಗುತ್ತಾನೆ. ಬೂದಿಯಕ್ಕನ ಕೈಯಲ್ಲಿ ಪತ್ರಿಕೆ ಮುದುರುತ್ತದೆ.

"ಏನಪ್ಪಾ, ಈ ಕಿವಿ ಹತ್ರ ಜಾಸ್ತಿ ತೆಗೆದುಬಿಟ್ಯಲ್ಲ. ನೆಟ್ಟಗೆ ನೋಡಿ ಕತ್ತರಿಸೋಕೇನು ಧಾಡಿ ನಿನಗೆ?"

ತಪ್ಪಾಯ್ತು ಸಾರ್ ಎನ್ನುತ್ತಾನೆ ತಮ್ಮ. ಬೈಸಿಕೊಂಡು ಅಷ್ಟು ಹಿಗ್ಗಿದ ಮನುಷ್ಯನನ್ನು ಕಂಡಿದ್ದು ಅಪರೂಪ. ಆ ಕಡೆಯನ್ನೂ ಸಮ ಮಾಡಿ, ಬಟ್ಟೆ ಕೊಡವುತ್ತಾನೆ. ಅಣ್ಣ ಮೂಲೆಯ ಪೊರಕೆ ತೆಗೆದುಕೊಂಡು ತಮ್ಮನ ಕುರ್ಚಿಯ ಸುತ್ತ ಬಿದ್ದ ಕೂದಲನ್ನು ತಾನೇ ಗುಡಿಸುತ್ತಾನೆ.

ಬೂದಿಯಕ್ಕ ಎದ್ದು ಹೋಗಿ ತಮ್ಮನ ಪಕ್ಕ ನಿಂತು ಕನ್ನಡಿ ನೋಡುತ್ತಾಳೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು. ಬರ್ತೀನಿ ತಮ್ಮಾ ಎಂದಷ್ಟೇ ಹೇಳಿ ಬೀದಿಗೆ ಇಳಿಯುತ್ತಾಳೆ. ಏನನ್ನಿಸಿತು ಎಂದು ಕೇಳುತ್ತೇವೆ.

"ಕನ್ನಡಿಯಲ್ಲಿ ನೋಡಿದಾಗ ಯಾವ ಕಣ್ಣು ನಂದು ಅಂತ ನನಗೇ ತಿಳೀಲಿಲ್ಲ," ಎನ್ನುತ್ತಾಳೆ. "ಕನ್ನಡಿ ಎಡಬಲ ಮಾಡುತ್ತೆ, ಅದಕ್ಕೇ ಇರಬೇಕು. ಒಂದು ಗಳಿಗೆ ಅಷ್ಟೆ. ಆದ್ರೂ, ಒಂದು ಗಳಿಗೆ ತಿಳೀಲಿಲ್ಲ."