ದೊಡ್ಡಮ್ಮನ ಹಾಲು, ದಕ್ಷಿಣ ಧ್ರುವದ ವಾಸನೆ

ಅವನು ದಕ್ಷಿಣ ಧ್ರುವಕ್ಕೆ ಹೋಗಿಬಂದ ವರ್ಷ ನನಗೆ ಊಟವೇ ರುಚಿಸಲಿಲ್ಲ. ಮುಚ್ಚಿಟ್ಟು ಪ್ರಯೋಜನವಿಲ್ಲ, ಅದು ಹೊಟ್ಟೆಕಿಚ್ಚು. ಅವನು ನನ್ನ ದೊಡ್ಡಪ್ಪನ ಮಗ, ನನ್ನದೇ ವಯಸ್ಸು. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಬೆಳೆದವರು ನಾವು. ಎಪ್ಪತ್ತರ ದಶಕದಲ್ಲಿ ಇಬ್ಬರೂ ಬೆಳಗ್ಗೆ ಮಾರಿಕುಪ್ಪಂ ಪ್ಯಾಸೆಂಜರ್ ಹತ್ತಿ ಕೆಜಿಎಫ್‌ಗೆ ಕಾಲೇಜಿಗೆ ಹೋಗುತ್ತಿದ್ದೆವು. ಚಿನ್ನದ ಗಣಿಯ ಪಾಳಿಗೆ ಹೊರಟವರ ತಮಿಳು, ನಮ್ಮ ಕಡೆಯವರ ತೆಲುಗು, ನಮ್ಮ ಕನ್ನಡ ಎಲ್ಲ ಆ ಡಬ್ಬಿಯಲ್ಲಿ ಒಟ್ಟಿಗೇ ಕುಲುಕುತ್ತಿತ್ತು.

ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನೇ ರಾಜ. ಯಾವುದೋ ಉಪ್ಪು ಕೊಟ್ಟು ಇದೇನು ಎಂದು ಕಂಡುಹಿಡಿಯಲು ಹೇಳುತ್ತಿದ್ದರು. ಆಸಿಡ್ ಹಾಕಿ ಮೂಸಿದರೆ ನನಗೆ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು. ಕೊಳೆತ ಮೊಟ್ಟೆಯ ನಾತ ಬಂದರೆ ಸಲ್ಫೈಡು, ಗಂಧಕ ಸುಟ್ಟ ಘಾಟು ಬಂದರೆ ಸಲ್ಫೈಟು. ಅವನಿಗೋ ವರ್ಷವಿಡೀ ನೆಗಡಿ. "ಏನ್ಲಾ ವಾಸ್ನೆ? ಏಳ್ಲಾ ಬೇಗ" ಎಂದು ಪಕ್ಕದಿಂದ ಪಿಸುಗುಡುತ್ತಿದ್ದ. ಹೇಳುತ್ತಿದ್ದೆ. ಹೀಗೆ ಗಂಧಕದ ವಿದ್ಯೆಯಲ್ಲಿ ಅವನ ಮೊದಲ ಗುರು ನಾನು. ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊನೆಯ ವರ್ಷ ನಮ್ಮಪ್ಪ ಹಾಸಿಗೆ ಹಿಡಿದರು. ಮನೆಯಲ್ಲಿ ನಾಲ್ಕು ಹಸುಗಳಿದ್ದವು. ಅವನು ಮುಂದೆ ಓದಲು ಹೋದ, ನಾನು ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನಾದೆ. ಡೇರಿಯಲ್ಲಿ ಲ್ಯಾಕ್ಟೋಮೀಟರ್ ಆಮೇಲೆ, ಮೂಗು ಮೊದಲು. ಕ್ಯಾನಿನ ಮುಚ್ಚಳ ತೆಗೆದ ತಕ್ಷಣ ಅದರ ಒಳಮೈ ಮೂಸಬೇಕು. ನಾನು "ವಾಸ್ನೆ ಐತೆ" ಎಂದರೆ ಮುಗಿಯಿತು, ಎಂಥ ಜಗಳಗಂಟನೂ ಕ್ಯಾನು ಎತ್ತಿಕೊಂಡು ಮನೆಗೆ ನಡೆಯುತ್ತಿದ್ದ. ಊರಿನಲ್ಲಿ ನನಗಿದ್ದ ಮರ್ಯಾದೆಯೆಲ್ಲ ಈ ಮೂಗಿನ ತುದಿಯಲ್ಲೇ ಇತ್ತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವನು ಹಡಗು ಹತ್ತಿ ಹಿಮದ ಕಡೆ ಹೊರಟ. ಅವನ ಕಾಗದಗಳು ದೊಡ್ಡಮ್ಮನಿಗೆ ಬರುತ್ತಿದ್ದವು. ಅವರಿಗೆ ಓದಲು ಬಾರದು. ಓದಿ ಹೇಳುವ ಭಾಗ್ಯ ಯಾರಿಗೆ? ನನಗೆ. ಪೆಂಗ್ವಿನ್ ಹಕ್ಕಿ, ಮುಳುಗದ ಸೂರ್ಯ, ಮನೆಯಷ್ಟೆತ್ತರದ ಅಲೆ. "ಇನ್ನೊಂದ್ ಸಲ ಓದಪ್ಪಾ" ಎನ್ನುತ್ತಿದ್ದರು. ಅವರ ಮಗನ ಸಾಹಸವನ್ನು ನನ್ನ ಬಾಯಿಂದಲೇ ಎರಡೆರಡು ಸಲ ಕೇಳಿಸಿಕೊಂಡು ಉರಿದುಹೋಗುತ್ತಿದ್ದೆ.

ವಾಪಸು ಬಂದ ಮೇಲೆ ನಮ್ಮ ಕಾಲೇಜಿನವರು ಅವನನ್ನು ಭಾಷಣಕ್ಕೆ ಕರೆದರು. ದೊಡ್ಡಮ್ಮನ ಜೊತೆ ನಾನೂ ಹೋದೆ. ನನ್ನ ಮೂಗನ್ನು ಹೊಗಳುತ್ತಿದ್ದ ಮೇಷ್ಟ್ರು ಬಾಗಿಲಲ್ಲೇ ಸಿಕ್ಕರು. ಅವನ ಕೈ ಹಿಡಿದು ಕುಲುಕಿ, ನನ್ನ ಕಡೆ ತಿರುಗಿ "ತಾವು ಯಾರು?" ಎಂದರು.

ಅವನು ಚೆನ್ನಾಗಿಯೇ ಮಾತಾಡಿದ. ಆ ತಣ್ಣನೆಯ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಗಿಡಗಳಿವೆಯಂತೆ. ಅವುಗಳಿಂದ ಗಂಧಕದ ಒಂದು ಅನಿಲ ನೀರಿಗೆ ಸೇರಿ, ಅಲ್ಲಿಂದ ಗಾಳಿಗೆ ಏರಿ, ಬಿಸಿಲಿನಲ್ಲಿ ಮಾರ್ಪಾಡಾಗಿ ಸೂಕ್ಷ್ಮ ಕಣಗಳಾಗುತ್ತದಂತೆ. ನೀರಾವಿ ಸುಮ್ಮನೆ ಹನಿಯಾಗುವುದಿಲ್ಲ, ಕೂರಲು ಅದಕ್ಕೊಂದು ಕಣ ಬೇಕು. ಧೂಳಿಲ್ಲದ ಆ ಧ್ರುವದ ಗಾಳಿಯಲ್ಲಿ ಎಷ್ಟೋ ಹನಿಗಳಿಗೆ ಈ ಗಂಧಕದ ಕಣವೇ ಮಣೆ. ಹಾಗೆ ಅಲ್ಲಿ ಮೋಡ ಕಟ್ಟುತ್ತದೆ.

ನಾನು ಎದ್ದು ನಿಂತೆ. "ಗಣಿಯವರು ಚಿನ್ನ ತೆಗೆದು ಸುರಿದ ನಮ್ಮ ಸೈನೈಡ್ ದಿಬ್ಬದ ಧೂಳು ದಿನಾ ಕಣ್ಣಿಗೆ ಬೀಳುತ್ತೆ. ಹಾಗಿದ್ದರೆ ಕೆಜಿಎಫ್ ಮೇಲೆ ಯಾಕೆ ಮೋಡ ನಿಲ್ಲಲ್ಲ?" ಅವನನ್ನು ಬೀಳಿಸಲೆಂದೇ ಕೇಳಿದ್ದು. ಅವನು ನಕ್ಕು, "ಮಣೆ ಹಾಕಿದ್ದೀವಿ, ನೆಂಟರೇ ಬಂದಿಲ್ಲ. ಗಾಳಿಯಲ್ಲಿ ನೀರಾವಿನೂ ಬೇಕಲ್ಲ" ಎಂದ. ಸಭೆಯೆಲ್ಲ ಚಪ್ಪಾಳೆ. ದೊಡ್ಡಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಕೊನೆಗೆ ಆ ಅನಿಲ ಚೂರು ಬೆರೆಸಿದ ನೀರಿನ ಪುಟ್ಟ ಶೀಶೆಯನ್ನು ಮೂಸಲು ಕೊಟ್ಟ. ಶೀಶೆ ಕೈಯಿಂದ ಕೈಗೆ ಬಂತು. ಬೆಂದ ಎಲೆಕೋಸಿನ ವಾಸನೆ, ಮುಚ್ಚಳ ತೆಗೆಯುವ ಮೊದಲೇ ನನಗೆ ತಿಳಿಯಿತು. ಶೀಶೆಯನ್ನು ಪಕ್ಕದವರಿಗೆ ದಾಟಿಸಿದೆ.

ಮರುದಿನ ಬೆಳಗ್ಗೆ ದೊಡ್ಡಮ್ಮ ಡೇರಿಗೆ ಬಂದರು. ಹಿಂದೆ ಅವನೂ ಬಂದಿದ್ದ. ಸಾಲಿನಲ್ಲಿದ್ದವರೆಲ್ಲ ಅವನನ್ನು ಸುತ್ತಿಕೊಂಡು ಹಿಮದ ಕಥೆ ಕೇಳುತ್ತಿದ್ದರು. ನನ್ನ ಕಡೆ ಯಾರೂ ನೋಡಲಿಲ್ಲ. ದೊಡ್ಡಮ್ಮನ ಮುಚ್ಚಳ ತೆಗೆದು ಮೂಸಿದೆ. ಒಳ್ಳೆಯ ಹಾಲು, ಆಗತಾನೆ ಕರೆದದ್ದು.

"ವಾಸ್ನೆ ಐತೆ ದೊಡ್ಡಮ್ಮ, ವಾಪಸ್ ತಗೊಂಡೋಗಿ" ಎಂದೆ.

ಅವರ ಹಾಲು ಎಂದೂ ವಾಪಸು ಹೋಗಿರಲಿಲ್ಲ.

"ಏನ್ ವಾಸ್ನೆಪ್ಪಾ?"

ಹಿಂದಿನ ದಿನದ ಶೀಶೆ ಮೂಗಿನಲ್ಲೇ ಇತ್ತು. "ಎಲೆಕೋಸು" ಎಂದುಬಿಟ್ಟೆ.

ದೊಡ್ಡಮ್ಮನ ಮುಖ ಸಣ್ಣದಾಯಿತು. "ಊ ಕಣಪ್ಪಾ, ಮಾರ್ಕೆಟ್ಟಿಂದ ಕೋಸಿನ ಎಲೆ ತಂದಾಕಿದ್ದೆ. ನಿಂಗೆಂಗೆ ಗೊತ್ತಾಯ್ತು?"

ನನಗೆ ಗೊತ್ತಿರಲಿಲ್ಲ. ಅವನು ಮುಂದೆ ಬಂದು ಮುಚ್ಚಳ ಮೂಸಿದ, ಮತ್ತೆ ಮೂಸಿದ. "ನನ್ ಮೂಗಿಗೆ ಒಂದೂ ತಿಳೀತಿಲ್ಲ ಕಣ್ಲಾ, ಅದಕ್ಕೇ ನಾನ್ ಅನಿಲ ಅಳಿಯೋ ಮೆಷೀನ್ ಒತ್ಕೊಂಡು ಓಗಿದ್ದು" ಎಂದ. ಆಮೇಲೆ ಸಾಲಿನ ಕಡೆ ತಿರುಗಿ ನನ್ನ ಹೆಗಲ ಮೇಲೆ ಕೈಯಿಟ್ಟ. "ಹಸು ಕೋಸು ತಿಂದ್ರೆ ಅದೇ ಅನಿಲ ಹಾಲಿಗೂ ಬತ್ತದೆ. ನಾನ್ ಸಮುದ್ರ ದಾಟಿ ಉಡುಕಿದ್ನ ಇವ್ನು ಇಲ್ಲೇ ನಿಂತು ಇಡ್ದವ್ನೆ. ಕಾಲೇಜಲ್ಲೂ ಇವ್ನೇ ನಂಗೆ ಏಳ್ಕೊಡ್ತಿದ್ದಿದ್ದು."

ಎಷ್ಟೋ ವರ್ಷಗಳಿಂದ ನಾನು ಕಾದಿದ್ದ ಮಾತು ಅದು. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ನೆಲ ಬಿರಿಯಬಾರದೇ ಎನಿಸಿತು. ದೊಡ್ಡಮ್ಮ ಕ್ಯಾನು ಎತ್ತಿಕೊಂಡು ತಲೆ ತಗ್ಗಿಸಿ ಮನೆಗೆ ಹೋದರು.

ಅಂದಿನಿಂದ ಅವರು ಕೋಸಿನ ಎಲೆ ಮುಟ್ಟಲಿಲ್ಲ. ಮಾರ್ಕೆಟ್ಟಿನಲ್ಲಿ ಸುಲಭವಾಗಿ ಸಿಗುತ್ತಿದ್ದ ಮೇವು ಬಿಟ್ಟು, ಮಂಡಿನೋವು ಹೊತ್ತುಕೊಂಡು ಕೆರೆಯಂಗಳದವರೆಗೆ ನಡೆದು ಹುಲ್ಲು ಕೊಯ್ದು ತರುತ್ತಿದ್ದರು. "ಬ್ಯಾಡ ದೊಡ್ಡಮ್ಮ, ಸ್ವಲ್ಪ ಆಕಿದ್ರೆ ಏನೂ ಆಗಲ್ಲ" ಎಂದು ಎಷ್ಟೋ ಸಲ ಹೇಳಿದೆ. "ನಿನ್ ಮೂಗಿಗೆ ಮೋಸ ಮಾಡಕಾಯ್ತದಾ?" ಎಂದು ನಗುತ್ತಿದ್ದರು. ಪ್ರತಿ ಬೆಳಗ್ಗೆ ಮುಚ್ಚಳವನ್ನು ತಾವೇ ತೆಗೆದು ನನ್ನ ಮುಖಕ್ಕೆ ಹಿಡಿದು "ಇವತ್ತು ಐತಾ?" ಎನ್ನುತ್ತಿದ್ದರು. "ಇಲ್ಲ ದೊಡ್ಡಮ್ಮ" ಎನ್ನುತ್ತಿದ್ದೆ.

ಮಂಡಿ ಪೂರಾ ಕೈಕೊಟ್ಟ ಮೇಲೆ ಹಸು ಮಾರಿದರು. ಕೊನೆಯ ದಿನದ ಹಾಲು ತಂದವರು ಕ್ಯಾನು ಇಳಿಸಿ ಏದುಸಿರು ಬಿಟ್ಟರು. "ಒಂದೇ ಒಂದ್ ದಿನ ತಪ್ ಮಾಡಿದ್ದೆ, ನೀನ್ ಇಡ್ಕೊಂಡೆ. ಆಮೇಲ್ ಮಾಡಿಲ್ಲ ಅಲ್ವೇನಪ್ಪಾ?"

"ಇಲ್ಲ ದೊಡ್ಡಮ್ಮ" ಎಂದೆ. ಅವತ್ತೂ ತಪ್ಪು ಮಾಡಿರಲಿಲ್ಲ, ಹಾಲಿಗೆ ಯಾವ ವಾಸನೆಯೂ ಇರಲಿಲ್ಲ ಎಂಬ ಮಾತು ನಾಲಿಗೆಯ ಮೇಲೆ ಬಂದಿತ್ತು. ಹಿಂದೆ ಸಾಲು ಕಾಯುತ್ತಿತ್ತು. ಮುಚ್ಚಳ ಮೂಸಿ, ಹಾಲು ಸುರಿದುಕೊಂಡು, ಖಾಲಿ ಕ್ಯಾನನ್ನು ಅವರ ಕೈಗೆ ಕೊಟ್ಟೆ.