ಅಕ್ಕನ ಕಿವಿಗೆ ಬೇಕಾದ ಮೂವತ್ತೆಂಟು ಬೈಟ್

ಬೆಳಗಿನ ಐದೂಮುಕ್ಕಾಲು. ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಒಂದೇ ದೀಪ. ಅದರ ಕೆಳಗೊಬ್ಬ ಹೆಂಗಸು ಎರಡೂ ಕಿವಿಗೆ ಶ್ರವಣಯಂತ್ರ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದಾರೆ. ಪಾಪ, ಕಿವಿ ಮಂದವಿರಬೇಕು ಎಂದುಕೊಂಡೀರಿ. ಪಕ್ಕದ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವ ಕಿವಿ ಅದು. ಗುಂಡಿ ಒತ್ತಿ ಯಂತ್ರ ಶುರು ಮಾಡುತ್ತಾರೆ, ಆರಿಸುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಹೀಗೆ ಇಪ್ಪತ್ತು ಸಲ. ಬೀದಿಯ ಗದ್ದಲ ಎದ್ದಮೇಲೆ ಸಣ್ಣ ಕೀರಲು ಕೇಳಿಸುವುದಿಲ್ಲ. ಅದಕ್ಕೇ ಈ ಹೊತ್ತು.

ಶ್ರವಣಯಂತ್ರ ತಯಾರಿಸುವ ಈ ಕಚೇರಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಜಿಪುಣಮ್ಮ ಎಂದೇ. ವಯಸ್ಸು ಐವತ್ತೊಂದು, ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಎಂಜಿನಿಯರುಗಳು ಬರೆದ ಸಾಲುಗಳನ್ನು ಚಿಪ್‌ಗೆ ಅರ್ಥವಾಗುವ ಆದೇಶಗಳಾಗಿ ಬದಲಿಸುವುದು ಕಂಪೈಲರ್ ಎಂಬ ತಂತ್ರಾಂಶ. ಹಾಗೆ ಸಿದ್ಧವಾಗಿ ಯಂತ್ರದೊಳಗೆ ಇಳಿಯುವ ಗಂಟಿಗೆ ಬಿಲ್ಡ್ ಎನ್ನುತ್ತಾರೆ. ಆ ಗಂಟನ್ನು ಚಿಕ್ಕದು ಮಾಡುವುದು, ಅದು ಬೇಗ ತಯಾರಾಗುವಂತೆ ನೋಡಿಕೊಳ್ಳುವುದು ಜಿಪುಣಮ್ಮನ ಕೆಲಸ.

"ಬರೆಯೋರು ಧಾರಾಳವಾಗಿ ಬರೀತಾರೆ, ಒಂದೇ ಮಾತು ನಾಲ್ಕು ಕಡೆ," ಎನ್ನುತ್ತಾರೆ ಅವರು. "ಕಂಪೈಲರ್‌ಗೆ ಎಲ್ಲಾ ಕಡತ ಒಟ್ಟಿಗೆ ತೋರಿಸಿ, ಜಾಗ ಉಳಿಸಪ್ಪಾ ಅಂದ್ರೆ ನಾಲ್ಕನ್ನ ಒಂದು ಮಾಡುತ್ತೆ. ಯಾರೂ ಬಳಸದೇ ಇರೋದನ್ನ ಆಚೆ ಹಾಕುತ್ತೆ. ಅದಕ್ಕೆ ಹೊತ್ತು ಹಿಡಿಯುತ್ತೆ ಅಷ್ಟೇ. ಅದನ್ನ ಬೆಳಗ್ಗೆ ಮಾಡಿ ಮುಗಿಸ್ತೀನಿ, ಹಗಲಿಗೆ ಬೇಗ ಆಗೋ ಬಿಲ್ಡ್ ಬಿಟ್ಟಿರ್ತೀನಿ." ಮೊದಲು ಹಗಲಿನ ಬಿಲ್ಡಿಗೆ ನಲವತ್ತು ನಿಮಿಷ ಬೇಕಿತ್ತು, ಈಗ ಆರು. ನೆಮ್ಮದಿಯಾಗಿ ಟೀ ಕುಡಿಯುವುದಕ್ಕೂ ಇವರು ಕಲ್ಲು ಹಾಕಿದರು ಎಂಬುದು ಸಹೋದ್ಯೋಗಿಗಳ ಗೊಣಗಾಟ.

ಇವತ್ತು ಮಾತ್ರ ತಮಾಷೆಯ ದಿನವಲ್ಲ. ಕಿವಿಯ ಹತ್ತಿರ ಏನಾದರೂ ಬಂದರೆ ಯಂತ್ರ ಕುಂಯ್ ಎನ್ನುತ್ತದಲ್ಲ, ಅದನ್ನು ನಿಲ್ಲಿಸುವ ಹೊಸ ಆವೃತ್ತಿ ತಯಾರಾಗಿದೆ. ಹೊಸ ಯಂತ್ರಗಳಲ್ಲಿ ಅದು ಆರಾಮವಾಗಿ ಕೂರುತ್ತದೆ. ಹಳೆಯ ಮಾದರಿಯ ಹೊಟ್ಟೆಯಲ್ಲಿ ಇರುವುದೇ ಅರವತ್ತೈದು ಸಾವಿರದ ಐನೂರ ಮೂವತ್ತಾರು ಬೈಟ್. ಒಂದು ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರ ಕೂರುವಷ್ಟು ಜಾಗ. ಮಧ್ಯಾಹ್ನ ಹನ್ನೆರಡರೊಳಗೆ ಹಿಡಿಸದಿದ್ದರೆ ಹಳೆಯ ಮಾದರಿಯನ್ನು ಕೈಬಿಡುವುದೆಂದು ತೀರ್ಮಾನವಾಗಿದೆ. ಒಂಬತ್ತು ಸಾವಿರ ಜನ ಅದನ್ನು ಹಾಕಿಕೊಂಡು ಓಡಾಡುತ್ತಿದ್ದಾರೆ. ಅವರಲ್ಲೊಬ್ಬರು ಜಿಪುಣಮ್ಮನ ಸ್ವಂತ ಅಕ್ಕ.

ಅಕ್ಕ ಎರಡು ಬೀದಿ ಆಚೆ ಬಟ್ಟೆ ಹೊಲಿಯುತ್ತಾರೆ. ಅಳತೆ ತೆಗೆಯಲು ಬಾಗಿದಾಗಲೆಲ್ಲ ಯಂತ್ರ ಕುಂಯ್ ಎನ್ನುತ್ತದೆ, ಗಿರಾಕಿಗಳು ಬೆಚ್ಚುತ್ತಾರೆ. ಅಕ್ಕ ಈಗೀಗ ಅದನ್ನು ಬಿಚ್ಚಿ ಗುಂಡಿಡಬ್ಬಿಯಲ್ಲಿಟ್ಟು, ಯಾರೊಂದಿಗೂ ಮಾತಾಡದೆ ಅಳತೆ ತೆಗೆಯುತ್ತಾರೆ.

ನಿನ್ನೆ ನಾನೂರ ಹನ್ನೆರಡು ಬೈಟ್ ಹೆಚ್ಚಾಗಿತ್ತು. ಇವತ್ತಿನ ಬೆಳಗಿನ ಬಿಲ್ಡಿನಲ್ಲಿ ಅದು ಮೂವತ್ತೆಂಟಕ್ಕೆ ಇಳಿದಿದೆ. ಅಲ್ಲಿಗೆ ನಿಂತಿದೆ, ಜಪ್ಪಯ್ಯ ಅಂದರೂ ಕದಲುತ್ತಿಲ್ಲ.

ಒಂಬತ್ತು ಗಂಟೆಗೆ ಬಂದ ತಂಡದ ಮುಖ್ಯಸ್ಥರು ಪರದೆಯತ್ತ ಬೆರಳು ತೋರಿಸುತ್ತಾರೆ. "ಮೇಡಂ, ಕೋಡಿನ ಈ ತುಂಡು ಸುಮ್ನೆ ಸುತ್ತುತ್ತಾ ಕೂತಿದೆ. ಏನೂ ಕೆಲಸ ಮಾಡ್ತಿಲ್ಲ. ತೆಗೆದ್ರೆ ನಲವತ್ತು ಬೈಟ್ ಉಳಿಯುತ್ತೆ."

"ಅದೊಂದು ಬೇಡ ಸಾರ್."

ಬೇಡ ಎನ್ನಲು ಕಾರಣವಿದೆ. ಎಂಟು ವರ್ಷದ ಹಿಂದೆ ಕಂಪೈಲರ್ ಕೂಡ ಹೀಗೇ ಅಂದುಕೊಂಡು ಆ ತುಂಡನ್ನು ಕಿತ್ತೆಸೆದಿತ್ತು. ಶುರುವಾದ ಚಿಪ್ ಹದಕ್ಕೆ ಬರುವ ತನಕ ಕಾಯುವುದೇ ಆ ತುಂಡಿನ ಕೆಲಸ ಎಂಬುದು ಅದಕ್ಕೇನು ಗೊತ್ತು? ಬಿಲ್ಡ್ ಚಿಕ್ಕದಾಯಿತೆಂದು ಜಿಪುಣಮ್ಮ ಹಿಗ್ಗಿ ಹೀರೆಕಾಯಿಯಾಗಿದ್ದರು. ಹಾಕಿಕೊಂಡವರಿಗೆ ಪ್ರತಿ ಬೆಳಗ್ಗೆ ಯಂತ್ರ ಶುರು ಮಾಡಿದಾಗ ಕಿವಿ ಸೀಳುವ ಕಿರಿಚಾಟ. ಅಕ್ಕ ಮೂರು ತಿಂಗಳು ಯಂತ್ರ ಮುಟ್ಟಲಿಲ್ಲ, ತಂಗಿ ಮಾಡಿದ್ದೆಂದು ಬಾಯಿಯನ್ನೂ ಬಿಡಲಿಲ್ಲ.

"ಬೈದಿದ್ರೆ ಮೂರೇ ದಿನದಲ್ಲಿ ಸರಿ ಮಾಡ್ತಿದ್ದೆ," ಎನ್ನುವಾಗ ಅವರ ದನಿ ಇಳಿಯುತ್ತದೆ. "ನನಗೆ ನೋವಾಗುತ್ತೆ ಅಂತ ಅವಳು ಕಿವುಡಿಯಾಗೇ ಇದ್ಲು." ಇಪ್ಪತ್ತು ಸಲ ಗುಂಡಿ ಒತ್ತುವ ಅಭ್ಯಾಸ ಶುರುವಾದದ್ದು ಆಗ.

ಹತ್ತೂವರೆಗೆ ಅವರ ಕಣ್ಣು ಬಿಲ್ಡಿನ ಬಾಲದಲ್ಲಿರುವ ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಕಟ್ಟಿದವರ ಹೆಸರುಗಳು. ಹಿಂದಿನ ಮುಖ್ಯಸ್ಥರು ಪ್ರೀತಿಯಿಂದ ಶುರು ಮಾಡಿದ ಪದ್ಧತಿ. ಆರು ಹೆಸರು, ಐವತ್ತೆರಡು ಬೈಟ್. ಐವರು ಕೆಲಸ ಬಿಟ್ಟು ಹೋಗಿದ್ದಾರೆ. ಉಳಿದಿರುವುದು ಜಿಪುಣಮ್ಮನದು.

"ಬಿಟ್ಟುಹೋದವ್ರದ್ದು ಮಾತ್ರ ತೆಗೆದ್ರೆ ಸಾಲಲ್ವಾ?" ಮುಖ್ಯಸ್ಥರು ತಡೆಯುತ್ತಾರೆ. "ನಿಮ್ಮ ಹೆಸರು ಇರೋದೇ ಇದೊಂದು ಕಡೆ."

"ಅವ್ರೂ ನನ್ನಷ್ಟೇ ದುಡಿದಿದಾರೆ. ಅವ್ರದ್ದು ಅಳಿಸಿ ನನ್ನದು ಇಟ್ಕೊಳ್ಳೋಕೆ ಆಗಲ್ಲ ಸಾರ್." ಒಂದೇ ಏಟಿಗೆ ಇಡೀ ಸಾಲು ಹೋಗುತ್ತದೆ. ಬಿಲ್ಡ್ ಹಿಡಿಸುತ್ತದೆ, ಹದಿನಾಲ್ಕು ಬೈಟ್ ಮಿಗುತ್ತದೆ. ಮತ್ತೆ ಇಪ್ಪತ್ತು ಸಲ ಗುಂಡಿ ಒತ್ತುತ್ತಾರೆ. ಬೀದಿಯ ಸದ್ದಿಗೆ ಹೆದರಿ ಕಿಟಕಿ ಮುಚ್ಚಿ, ಕೋಣೆಯ ಬಾಗಿಲನ್ನೂ ಹಾಕಿಕೊಂಡಿರುತ್ತಾರೆ.

ಹನ್ನೊಂದೂವರೆಗೆ ಅವರು ಅಕ್ಕನ ಅಂಗಡಿಯಲ್ಲಿದ್ದಾರೆ. ಹಳೆಯ ಯಂತ್ರಕ್ಕೆ ಹೊಸ ಬಿಲ್ಡ್ ಇಳಿದಿದೆ. ಅಕ್ಕ ಅಳತೆಪಟ್ಟಿ ಹಿಡಿದು ತಂಗಿಯ ಭುಜಕ್ಕೆ ಬಾಗುತ್ತಾರೆ, ಕಿವಿ ತಂಗಿಯ ಕೆನ್ನೆಗೆ ತಾಗುತ್ತದೆ.

"ಕೇಳಿಸ್ತಾ?"

"ಏನು?"

"ಕುಂಯ್ ಅಂತ."

"ಇಲ್ಲ ಕಣೇ. ನಿನ್ನ ಉಸಿರು ಕೇಳಿಸ್ತಿದೆ ಅಷ್ಟೇ." ಅಕ್ಕ ಹಾಗೇ ಸ್ವಲ್ಪ ಹೊತ್ತು ಬಾಗಿರುತ್ತಾರೆ. "ಇದರೊಳಗೆ ನಿನ್ನ ಹೆಸರಿದೆ ಅಂತಿದ್ದೆಯಲ್ಲ, ಇನ್ನೂ ಇದೆಯಾ?"

"ಜಾಗ ಸಾಲ್ಲಿಲ್ಲ, ತೆಗೆದೆ."

ಅಕ್ಕ ಅಳತೆ ಪುಸ್ತಕ ಎಳೆದುಕೊಂಡು ಹೊಸ ಹಾಳೆ ತೆಗೆಯುತ್ತಾರೆ. ಹಾಳೆಯ ನೆತ್ತಿಯಲ್ಲಿ ತಂಗಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ, ಅಪ್ಪ ಇಟ್ಟಂತೆಯೇ ಪೂರ್ತಿಯಾಗಿ ಬರೆಯುತ್ತಾರೆ.

"ಇಲ್ಲಿ ಬೇಕಾದಷ್ಟು ಜಾಗ ಇದೆ," ಎನ್ನುತ್ತಾರೆ. "ತೋಳು ಎತ್ತು."