ನಡುಮನೆಯ ಫೈಕಸ್

ಹೋದ ವಾರ ಮನೆಗೆ ಪೇಂಟ್ ಹೊಡೆಯಲು ಬಂದವರು ಕಿಟಕಿ ಪಕ್ಕದ ಫೈಕಸ್ ಗಿಡವನ್ನು ಕುಂಡದ ಸಮೇತ ನಡುಮನೆಯ ಮಧ್ಯಕ್ಕೆ ಎಳೆದಿಟ್ಟು ಹೋದರು. ಇವತ್ತು ಬೆಳಿಗ್ಗೆ ನೋಡಿದರೆ ಸುತ್ತಲೂ ಎಲೆ. ಹಣ್ಣೆಲೆಯಲ್ಲ, ಹಸಿರೆಲೆ. ಕಾಲಿಗೆ ತಣ್ಣಗೆ ತಾಗಿದ ಒಂದನ್ನು ಎತ್ತಿಕೊಂಡು ನಿಂತುಬಿಟ್ಟೆ. ಹದಿನೈದು ವರ್ಷದ ಹಿಂದೆಯೂ ಇದೇ ನೆಲದ ಮೇಲೆ ಹೀಗೆಯೇ ನಿಂತಿದ್ದೆ. ನೀವು ಸ್ವಲ್ಪ ಹೊತ್ತು ಕೂರುವುದಾದರೆ ಹೇಳುತ್ತೇನೆ. ಹೇಳಿಕೊಳ್ಳುವಂಥ ಕೆಲಸವೇನೂ ಅಲ್ಲ ನಾನು ಮಾಡಿದ್ದು.

ಆಗ ಬೇಲೂರಿನಲ್ಲಿ ನನ್ನದು ಗುಮಾಸ್ತಿಕೆ. ಹೆಂಡತಿ ಸರೋಜ ಹಳೇಬೀಡಿನ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಅರಸೀಕೆರೆಯಲ್ಲಿದ್ದ ಅವಳ ಅಕ್ಕ, ನಲವತ್ತೆಂಟು ದಿನ ಅರಳಿಮರ ಸುತ್ತು ಎಂದರು. ಅರಳಿಕಟ್ಟೆಗೆ ಮೂರು ದಿನ ಹೋದಳು. ನಾಲ್ಕನೆಯ ದಿನ ಹೂವಿನವಳು ಎಲ್ಲರೆದುರು, "ಏನ್ ಟೀಚರಮ್ಮ, ಏನಾದ್ರೂ ವಿಶೇಷ ಐತಾ?" ಎಂದು ಕೇಳಿದಳಂತೆ. ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ಅತ್ತಳು.

ನನಗೋ ಎಲ್ಲದಕ್ಕೂ ಪರಿಹಾರ ಹುಡುಕುವ ಚಟ. ಯಾರ ಮನೆಯ ಗಡಿಯಾರ ನಿಂತರೂ ನಾನೇ ಬಿಚ್ಚಬೇಕು. ಆಮೇಲೆ ಅದು ಎಂದೂ ನಡೆಯುವುದಿಲ್ಲ ಎನ್ನುವುದು ಬೇರೆ ಮಾತು. ಅರಸೀಕೆರೆಯ ಒಂದು ನರ್ಸರಿಗೆ ಹೋಗಿ, ಮನೆಯೊಳಗೆ ಬೆಳೆಯುವ ಅರಳಿ ಇದೆಯಾ ಎಂದು ಕೇಳಿದೆ. ನರ್ಸರಿಯ ರಂಗಪ್ಪ ನಕ್ಕು, ಕೊಂಬೆಗಳೆಲ್ಲ ಕೆಳಗೆ ಬಾಗಿದ, ಎದೆಮಟ್ಟದ ಈ ಗಿಡ ತೋರಿಸಿದ.

"ಅರಳಿ ಅಲ್ಲ ಸಾರ್. ಆದ್ರೆ ಅದೇ ಜಾತಿ, ಅಣ್ತಮ್ಮ ಇದ್ದಂಗೆ. ಒಳಗೇ ಬೆಳೀತೈತೆ."

ಅಣ್ಣನಿಗೆ ಸಲ್ಲುವ ನಮಸ್ಕಾರ ತಮ್ಮನಿಗೆ ಸಲ್ಲದೇ ಹೋದೀತೇ ಎಂದುಕೊಂಡು ಬಸ್ಸಿನ ಮೇಲೆ ಹಾಕಿಸಿ ತಂದೆ.

ಕಿಟಕಿ ಪಕ್ಕ ಇಟ್ಟರೆ ಗೋಡೆ ಅಡ್ಡ, ಸುತ್ತಲು ಆಗದು. ಮಧ್ಯದಲ್ಲಿಟ್ಟರೆ ಬೆಳಕಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ನಾನು ಕುಂಡವನ್ನು ತಬ್ಬಿಕೊಂಡು ಮಧ್ಯಕ್ಕೆ ತರುವುದು, ಸರೋಜ ಸ್ನಾನ ಮಾಡಿ ಬಂದು ಹನ್ನೊಂದು ಸುತ್ತು ಹಾಕುವುದು, ನಾನು ಮತ್ತೆ ಕಿಟಕಿಗೆ ಒಯ್ಯುವುದು. ಸೊಂಟ ಹಿಡಿದುಕೊಂಡರೂ, ಇಂಥ ಗಂಡ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಆ ದಿನಗಳಲ್ಲಿ ಅವಳು ಅಡುಗೆ ಮಾಡುತ್ತಾ ಗುನುಗುತ್ತಿದ್ದಳು.

ಹತ್ತನೆಯ ದಿನ ನಾಲ್ಕು ಎಲೆ ಉದುರಿದವು. ಆಮೇಲೆ ದಿನಕ್ಕೊಂದು ಮೊರ. ಗೊಬ್ಬರ ಹಾಕಿದೆ, ನೀರು ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ. ಮೂವತ್ತನೆಯ ದಿನಕ್ಕೆ ಗಿಡ ಬೋಳಾಗಿತ್ತು. ಸರೋಜ ಏಳನೆಯ ಸುತ್ತಿನಲ್ಲಿ ನಿಂತುಬಿಟ್ಟಳು.

"ನಾನು ಸುತ್ತೋದಕ್ಕೇ ಹಿಂಗಾಗ್ತಿರೋದು ಕಣ್ರೀ. ಚೆನ್ನಾಗಿದ್ದ ಗಿಡ, ನನ್ನ ಗಾಳಿ ತಾಗಿ ಉದುರ್ತಿದೆ."

ಹುಚ್ಚಿ ಎಂದು ಗದರಿದೆ. ಅವಳು ಎಲೆಗಳನ್ನು ಬಾಚಿ ಸೆರಗಿಗೆ ತುಂಬಿಕೊಂಡು ಹಿತ್ತಿಲಿಗೆ ಹೋದಳು.

ಮಾರನೆಯ ದಿನವೇ ರಜೆ ಹಾಕಿ, ಜಗಳಕ್ಕೆ ಸಿದ್ಧನಾಗಿ ಅರಸೀಕೆರೆಗೆ ಹೋದೆ. ರಂಗಪ್ಪ ಪೂರ್ತಿ ಕೇಳಿಸಿಕೊಂಡ. "ದಿನಾ ಎತ್ತಿ ಎತ್ತಿ ಇಟ್ರಾ? ಈ ಗಿಡಕ್ಕೆ ಜಾಗ ಬದಲಾಯ್ಸಿದ್ರೆ ಆಗಾಕಿಲ್ಲ ಸಾರ್, ಎಲೆ ಉದುರಿಸ್ಬಿಡ್ತೈತೆ. ಒಂದ್ ಕಡೆ ಇಟ್ಟು ಸುಮ್ನೆ ಬಿಡಿ, ಚಿಗುರ್ತೈತೆ."

ಅಂದರೆ ಎಲೆ ಉದುರಿಸಿದವನು ನಾನು. ಬಸ್ಸಿನಲ್ಲಿ ಕೂತು, ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತಾ ಬಂದೆ. ಹಳೇಬೀಡಿನಲ್ಲಿ ಶಾಲೆ ಮುಗಿಸಿದ ಸರೋಜ ಅದೇ ಬಸ್ಸಿಗೆ ಹತ್ತಿದಳು. ಪಕ್ಕದಲ್ಲಿ ಕೂತು, ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಇನ್ಮೇಲೆ ಯಾವ ಮರಾನೂ ಸುತ್ತಲ್ಲ ರೀ. ಸಾಕಾಯ್ತು" ಎಂದಳು. ನಿಜ ಹೇಳಿದರೆ ಮತ್ತೆ ಮೊದಲನೆಯ ದಿನದಿಂದ ಸುತ್ತುತ್ತಾಳೆ. ಮತ್ತೆ ತಿಂಗಳು ತಿಂಗಳೂ ಕಾಯಬೇಕು, ಮತ್ತೆ ಅವಳ ಮುಖ ನೋಡಬೇಕು. ನನಗೂ ಸಾಕಾಗಿತ್ತು. ಬೇಲೂರು ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತೆ. ಅಂದು ಬಾಯಿ ಬಿಡಲಿಲ್ಲ. ಆಮೇಲೆ ಬಿಡಲು ಮುಖವಿರಲಿಲ್ಲ.

ಕಿಟಕಿ ಪಕ್ಕದಲ್ಲಿ ಸುಮ್ಮನೆ ಬಿಟ್ಟ ಗಿಡ ಎರಡು ತಿಂಗಳಿಗೆ ಚಿಗುರಿತು. ಕೆಲವು ವರ್ಷಕ್ಕೆ ಸೂರು ಮುಟ್ಟಿತು, ತುದಿ ಕತ್ತರಿಸಬೇಕಾಯಿತು. ಬಂದವರೆಲ್ಲ ಹೊಗಳಿದರು. ಸರೋಜ ಮಾತ್ರ ಹತ್ತಿರ ಸುಳಿಯಲಿಲ್ಲ. ನೀರು ನಾನೇ ಹಾಕಬೇಕು, ಆ ಕಿಟಕಿ ನಾನೇ ಮುಚ್ಚಬೇಕು. ಅದಾದರೂ ಇರಲಿ. ಪಕ್ಕದ ಮನೆಯವರು ತಮ್ಮ ಕೂಸನ್ನು ಎತ್ತಿಕೊಳ್ಳಿ ಎಂದು ಕೊಟ್ಟಾಗ ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅದನ್ನು ಕಣ್ಣಾರೆ ಕಂಡೂ ನಾನು ಸುಮ್ಮನಿದ್ದೆ. ಒಳಗೆ ಹೋಗಿ ಎಲೆಗಳ ಧೂಳು ಒರೆಸಿದೆ. ನೀವು ನನ್ನನ್ನು ಏನೆಂದುಕೊಂಡರೂ ಸರಿಯೇ.

ಇವತ್ತು ಎಲೆ ಹಿಡಿದು ನಿಂತ ನನ್ನನ್ನು ಸರೋಜ ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

"ನಾನು ಅದರ ಹತ್ರ ಹೋಗಿಲ್ಲ ಕಣ್ರೀ."

ಎಲ್ಲವನ್ನೂ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಹಳೇಬೀಡಲ್ಲಿ ನೀನು ಬಸ್ ಹತ್ತೋಕೆ ಮುಂಚೆ."

ಏನು ಮಾಡಲೂ ತೋಚದೆ ನಾನು ಕುಂಡಕ್ಕೆ ಕೈ ಹಾಕಿ, ಕಿಟಕಿಗೆ ಸರಿಸಲೇ ಎಂದೆ.

"ಬೇಡ ಬಿಡಿ. ಇನ್ನೆಷ್ಟು ಸಲ ಎತ್ತಿಡ್ತೀರಿ."

ಪೊರಕೆ ತಂದಳು. ಹದಿನೈದು ವರ್ಷದ ಮೇಲೆ ಮೊದಲ ಸಲ ಅದರ ಹತ್ತಿರ ಬಂದು, ಸುತ್ತಲೂ ಗುಡಿಸಿದಳು. ನಾನು ನಿಂತಿದ್ದ ಕಡೆಯ ಎಲೆಗಳನ್ನು ಮಾತ್ರ ಹಾಗೆಯೇ ಬಿಟ್ಟು ಒಳಗೆ ಹೋದಳು.